ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಬಿನಾ, ಪಿಯುಸಿನಾ? ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಮನೆಗಳಲ್ಲಿ ಈಗ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಬೆಂಗಳೂರಿನಲ್ಲಿರುವ ನೆಂಟರ ಮಗಳು ಐಬಿ ಎಂಬ ಪಿಯುಸಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸ್ ಓದುತ್ತಿದ್ದಾಳೆ, ಮುಂದೆ ಹೊರದೇಶಕ್ಕೆ ಹೋಗುತ್ತಾಳಂತೆ. ನಮ್ಮ ಮಗುವಿಗೂ ಅದನ್ನೇ ಕೊಡಿಸೋಣವಾ? ಅಥವಾ ಶಿವಮೊಗ್ಗದಲ್ಲೇ ಒಳ್ಳೆಯ ಪಿಯು ಕಾಲೇಜು ನೋಡೋಣವಾ? ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಇದನ್ನು ಕೇಳಿದರೆ ತುಂಬಾ ತಡ. ಒಂಬತ್ತನೇ ತರಗತಿಯಲ್ಲಿ ಕೇಳಿದರೆ ಸರಿಯಾದ ಸಮಯ.

ನನ್ನ ಮಾತು ಒಂದೇ. ಬೋರ್ಡ್ ಯಾವುದು ಎಂಬಲ್ಲಿಂದ ಶುರು ಮಾಡಬೇಡಿ. ಡಿಗ್ರಿಯನ್ನು ಎಲ್ಲಿ, ಯಾವ ವಿಷಯದಲ್ಲಿ ಓದುವ ಆಸೆ ಇದೆ ಎಂದು ಮೊದಲು ಮನೆಯಲ್ಲಿ ಕೂತು ಮಾತಾಡಿ. ಆ ಕಾಲೇಜು ಏನು ಕೇಳುತ್ತದೆ ನೋಡಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಐಬಿ ಬೇಕೋ ಬೇಡವೋ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಕಡೆಯ ಹೆಚ್ಚಿನ ಮಕ್ಕಳಿಗೆ ಬೇಡ ಎಂಬ ಉತ್ತರವೇ ಬರುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕಾದ ಓದು. ಆ ಕೆಲವರು ಮಾಹಿತಿ ಇಲ್ಲದೆ ಹಿಂದೆ ಉಳಿಯಬಾರದು.

ಹೆಜ್ಜೆ 1: ಇದು ಏನು ಅಂತ ಸರಿಯಾಗಿ ತಿಳಿಯಿರಿ

ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲರಿಯೇಟ್. 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ. ಅದರ ಡಿಪ್ಲೊಮಾ ಪ್ರೋಗ್ರಾಂ ಎರಡು ವರ್ಷದ್ದು, ನಮ್ಮ ಪಿಯುಸಿಗೆ ಸಮ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು, ಇದನ್ನು 12ನೇ ತರಗತಿಗೆ ಸಮ ಎಂದು ಒಪ್ಪಿದೆ.

ಓದುವ ರೀತಿ ಬೇರೆ. ಮಗು ಆರು ವಿಷಯ ಓದಬೇಕು. ಒಂದು ಸಾಹಿತ್ಯದ ಭಾಷೆ, ಇನ್ನೊಂದು ಕಲಿಯುವ ಭಾಷೆ, ಒಂದು ಸಮಾಜ ವಿಷಯ, ಒಂದು ವಿಜ್ಞಾನ, ಗಣಿತ, ಕಲೆ. ಕಲೆ ಬೇಡವಾದರೆ ಅದರ ಬದಲು ಇನ್ನೊಂದು ವಿಜ್ಞಾನವನ್ನೋ ಸಮಾಜ ವಿಷಯವನ್ನೋ ತೆಗೆದುಕೊಳ್ಳಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಹೈಯರ್ ಲೆವೆಲ್‌ಗೆ 240 ಗಂಟೆ ಪಾಠ, ಸ್ಟ್ಯಾಂಡರ್ಡ್‌ಗೆ 150 ಗಂಟೆ ಎಂಬುದು ಐಬಿ ಹೇಳುವ ಲೆಕ್ಕ.

ಪ್ರತಿ ವಿಷಯಕ್ಕೆ 1ರಿಂದ 7ರವರೆಗೆ ಅಂಕ. ಆರಕ್ಕೆ ಒಟ್ಟು 42. ಇದರ ಜೊತೆ ಎಕ್ಸ್‌ಟೆಂಡೆಡ್ ಎಸ್ಸೇ ಎಂಬ 4000 ಪದಗಳ ಮಿತಿಯ ಸ್ವಂತ ಸಂಶೋಧನಾ ಬರಹ ಇದೆ, ಥಿಯರಿ ಆಫ್ ನಾಲೆಡ್ಜ್ ಎಂಬ ವಿಷಯ ಇದೆ. ಇವೆರಡಕ್ಕೂ ಸೇರಿ ಗರಿಷ್ಠ 3 ಅಂಕ. ಒಟ್ಟು 45. ಕ್ಯಾಸ್ ಎಂಬ ಇನ್ನೊಂದು ಭಾಗವೂ ಇದೆ. ಕಲೆ, ಆಟ, ಸೇವೆ ಈ ಮೂರರಲ್ಲಿ ತೊಡಗಿ ಅದರ ಬಗ್ಗೆ ಬರೆದಿಡಬೇಕು. ಅದಕ್ಕೆ ಅಂಕ ಇಲ್ಲ, ಆದರೆ ಮುಗಿಸದಿದ್ದರೆ ಡಿಪ್ಲೊಮಾ ಸಿಗುವುದಿಲ್ಲ.

ಪಾಸಾಗಲು ಕನಿಷ್ಠ 24 ಬೇಕು. ಬರೀ 24 ಬಂದರೂ ಸಾಲದು. ಹೈಯರ್ ಲೆವೆಲ್ ವಿಷಯಗಳಲ್ಲಿ ಸೇರಿ 12, ಸ್ಟ್ಯಾಂಡರ್ಡ್‌ನಲ್ಲಿ ಸೇರಿ 9 ಇರಬೇಕು. ಯಾವ ವಿಷಯದಲ್ಲೂ 1 ಬರಬಾರದು. ಎಸ್ಸೇಯಲ್ಲಾಗಲಿ ಥಿಯರಿ ಆಫ್ ನಾಲೆಡ್ಜ್‌ನಲ್ಲಾಗಲಿ ಇ ಗ್ರೇಡ್ ಬಂದರೆ ಡಿಪ್ಲೊಮಾ ಹೋಯಿತು.

ಇಲ್ಲಿ ಪೋಷಕರಿಗೆ ಒಂದು ಮಾತು. ಜಗತ್ತಿನ ಸರಾಸರಿ ಸುಮಾರು 30 ಅಂಕ. 38 ಬಂದರೆ ಅದು ತುಂಬಾ ಒಳ್ಳೆಯ ಫಲಿತಾಂಶ. ಅದನ್ನು 45ರಿಂದ ಭಾಗಿಸಿ, '84 ಪರ್ಸೆಂಟ್ ಅಷ್ಟೇನಾ, ಪಕ್ಕದ ಮನೆ ಹುಡುಗನಿಗೆ ಪಿಯುಸಿಯಲ್ಲಿ 97 ಬಂತಲ್ಲ' ಎಂದು ಮಗುವಿನ ಮುಂದೆ ಹೇಳಬೇಡಿ. ಎರಡೂ ಬೇರೆ ಬೇರೆ ಅಳತೆಗಳು.

ಹೆಜ್ಜೆ 2: ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದೇ ಮುಖ್ಯ ಹೆಜ್ಜೆ. ಸಮಯ ಹಾಕಬೇಕಾದದ್ದು ಇಲ್ಲಿ.

ಮಗುವಿಗೆ ಇಲ್ಲೇ ಎಂಬಿಬಿಎಸ್ ಮಾಡುವ ಆಸೆ ಇದ್ದರೆ ಐಬಿ ಬಿಟ್ಟುಬಿಡಿ. ನೀಟ್ ಪರೀಕ್ಷೆ ಎನ್‌ಸಿಇಆರ್‌ಟಿ ಪುಸ್ತಕದ ಮೇಲೆ ನಿಂತಿದೆ. ಐಬಿ ಬಯಾಲಜಿ ಚೆನ್ನಾಗಿಯೇ ಇದೆ, ಆದರೆ ಅದರ ದಾರಿ ಬೇರೆ. ಅದಕ್ಕಿಂತ ದೊಡ್ಡ ಕಷ್ಟ ದಿನಾಂಕದ್ದು. 2023, 2024, 2025 ಮೂರೂ ವರ್ಷ ನೀಟ್ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. ಐಬಿ ಅಂತಿಮ ಪರೀಕ್ಷೆ ಏಪ್ರಿಲ್ ಕೊನೆಗೆ ಶುರುವಾಗಿ ಮೇ ಮೂರನೇ ವಾರದ ಹೊತ್ತಿಗೆ ಮುಗಿಯುತ್ತದೆ. ಎರಡೂ ಒಂದೇ ಹೊತ್ತಿಗೆ ಬಂದು ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಹೊರದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿಗೆ ವಾಪಸ್ ಬಂದು ಡಾಕ್ಟರ್ ಆಗಬೇಕೆಂದರೂ ನೀಟ್ ಪಾಸಾಗಿರಲೇಬೇಕು. ಅದರಿಂದ ತಪ್ಪಿಸಿಕೊಳ್ಳುವ ದಾರಿ ಐಬಿ ಅಲ್ಲ.

ಎಂಜಿನಿಯರಿಂಗ್ ಅಂದರೆ ಎರಡು ಥರ. ಕೆಸಿಇಟಿ ಮೂಲಕ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಸೀಟು ಬೇಕಾದರೆ, ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, 12ನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಪಿಯುಸಿಯಲ್ಲಿ ಈ ಮೂರರಲ್ಲಿ ತೊಂಬತ್ತೈದರ ಮೇಲೆ ತೆಗೆಯುವ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ. ಐಬಿಯಲ್ಲಿ ಓದಿ ಅವರ ಜೊತೆ ಅಂಕಕ್ಕೆ ಪೈಪೋಟಿ ಮಾಡುವುದು ಸುಮ್ನೆ ಕಷ್ಟ ಮೈಮೇಲೆ ಎಳೆದುಕೊಂಡ ಹಾಗೆ. ಸುರತ್ಕಲ್‌ನ ಎನ್‌ಐಟಿಕೆ ಕನಸಿದ್ದರೆ ಜೆಇಇ ಮೇನ್ ಬರೆಯಬೇಕು. ಅದು ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಬರುತ್ತದೆ. ಜನವರಿ ಅಂದರೆ ಐಬಿ ಮಕ್ಕಳು ಎಸ್ಸೇ, ಪ್ರಾಜೆಕ್ಟ್, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿರುವ ಸಮಯ.

ಹಳ್ಳಿಯ ಪೋಷಕರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಕೆಸಿಇಟಿಯಲ್ಲಿ ಗ್ರಾಮೀಣ ಕೋಟಾ ಮತ್ತು ಕನ್ನಡ ಮಾಧ್ಯಮ ಕೋಟಾ ಇವೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. 'ಮುಂದೆ ಐಬಿಗೆ ಅಭ್ಯಾಸ ಆಗಲಿ' ಎಂದು ಎಂಟನೇ ತರಗತಿಯಲ್ಲೇ ಮಗುವನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗೆ ಕಳಿಸಿದರೆ ಈ ಕೋಟಾ ಕೈಬಿಟ್ಟು ಹೋಗುತ್ತದೆ. ಆಮೇಲೆ ಮನಸ್ಸು ಬದಲಾದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಹತ್ತರವರೆಗೆ ಊರಲ್ಲೇ ಓದಿಸಿ, ಆಮೇಲೆ ನಿರ್ಧರಿಸುವುದು ಒಳ್ಳೆಯದು ಎಂದು ನಾನು ಹೇಳುತ್ತೇನೆ. ರಾಜ್ಯದ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ನಿಯಮವೂ ಇದೆ. ಮಗುವನ್ನು ಬೇರೆ ರಾಜ್ಯದ ಶಾಲೆಗೆ ಕಳಿಸುವ ಮುನ್ನ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿ ತೆಗೆದು ಅರ್ಹತೆಯ ಭಾಗವನ್ನು ಪೂರ್ತಿ ಓದಿ.

ಕೃಷಿ ಓದಬೇಕೆಂಬ ಮಕ್ಕಳಿಗೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಅದರ ದಾರಿ ಸಿಇಟಿ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆ ಇದೆ. ಅಡಿಕೆ ತೋಟದಲ್ಲಿ ಬೆಳೆದ ಮಗುವಿಗೆ ಅಲ್ಲಿ ಅನುಕೂಲ ಜಾಸ್ತಿ. ಇದಕ್ಕೆ ಪಿಯುಸಿಯೇ ಸರಿ.

ಕಾನೂನಿನ ಕಡೆ ಒಲವಿದ್ದರೆ ಕ್ಲಾಟ್ ಪರೀಕ್ಷೆಗೆ ಯಾವ ಬೋರ್ಡ್ ಆದರೂ ನಡೆಯುತ್ತದೆ. ಅಶೋಕ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳಂಥ ಕಡೆಯೂ ಅಷ್ಟೇ. ಅಲ್ಲಿ ಐಬಿಯ ಬರೆಯುವ, ವಾದ ಮಾಡುವ ಅಭ್ಯಾಸ ಸಹಾಯಕ್ಕೆ ಬರುತ್ತದೆ, ಆದರೆ ಕಡ್ಡಾಯವಲ್ಲ.

ಹಾಗಾದರೆ ಐಬಿ ಯಾರಿಗೆ? ಡಿಗ್ರಿಗೇ ಹೊರದೇಶಕ್ಕೆ ಹೋಗಬೇಕು ಎಂದು ಗಟ್ಟಿಯಾಗಿ ತೀರ್ಮಾನಿಸಿದವರಿಗೆ. ಬ್ರಿಟನ್‌ನಲ್ಲಿ ಇಂತಿಷ್ಟು ಐಬಿ ಅಂಕ ಎಂದೇ ಪ್ರವೇಶದ ಷರತ್ತು ಹಾಕುತ್ತಾರೆ. ಅಮೆರಿಕ, ಕೆನಡಾದ ತುಂಬಾ ವಿಶ್ವವಿದ್ಯಾಲಯಗಳು ಹೈಯರ್ ಲೆವೆಲ್‌ನ ಒಳ್ಳೆಯ ಅಂಕಕ್ಕೆ ಡಿಗ್ರಿಯಲ್ಲಿ ಕ್ರೆಡಿಟ್ ಕೊಡುತ್ತವೆ, ಅಂದರೆ ಕೆಲವು ವಿಷಯ ಆಗಲೇ ಓದಿ ಮುಗಿಸಿದಂತೆ ಲೆಕ್ಕ ಹಾಕುತ್ತವೆ. ಜರ್ಮನಿಯ ಕತೆ ಬೇರೆ. ನಮ್ಮ 12ನೇ ತರಗತಿ ಒಂದರಿಂದಲೇ ಅಲ್ಲಿ ನೇರವಾಗಿ ಡಿಗ್ರಿಗೆ ಸೇರಲು ಆಗುವುದಿಲ್ಲ. ಇಲ್ಲೊಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ಇಲ್ಲವೇ ಅಲ್ಲೇ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಸರಿಯಾದ ವಿಷಯಗಳಿರುವ ಐಬಿ ಡಿಪ್ಲೊಮಾ ಇದ್ದರೆ ನೇರ ಪ್ರವೇಶಕ್ಕೆ ಅರ್ಹತೆ ಸಿಗುತ್ತದೆ. ಆದರೆ ಅಲ್ಲಿನ ಹೆಚ್ಚಿನ ಡಿಗ್ರಿ ಕೋರ್ಸ್‌ಗಳು ಜರ್ಮನ್ ಭಾಷೆಯಲ್ಲಿವೆ ಎಂಬುದು ನೆನಪಿರಲಿ.

ಎರಡನೆಯ ಗುಂಪು: ಏನು ಓದಬೇಕೆಂದು ಇನ್ನೂ ಗೊತ್ತಿಲ್ಲದ, ಆದರೆ ಓದುವ ಹಸಿವು ತುಂಬಾ ಇರುವ ಮಕ್ಕಳು. ಭೌತಶಾಸ್ತ್ರವೂ ಬೇಕು, ಇತಿಹಾಸವೂ ಬೇಕು, ನಾಟಕವೂ ಬೇಕು ಅನ್ನುವವರು. ಪಿಯುಸಿಯ ಪಿಸಿಎಂಬಿ ಚೌಕಟ್ಟಿನಲ್ಲಿ ಅವರಿಗೆ ಉಸಿರು ಕಟ್ಟುತ್ತದೆ.

ಹೆಜ್ಜೆ 3: ಬೇರೆ ದಾರಿಗಳನ್ನೂ ನೋಡಿ

ಹೊರದೇಶಕ್ಕೆ ಐಬಿಯೇ ಆಗಬೇಕೆಂದಿಲ್ಲ. ಕೇಂಬ್ರಿಜ್‌ನ ಎ ಲೆವೆಲ್ ಇದೆ. ಅದರಲ್ಲಿ ಮೂರೋ ನಾಲ್ಕೋ ವಿಷಯ ಆಳವಾಗಿ ಓದಿದರೆ ಸಾಕು. ಗಣಿತ, ವಿಜ್ಞಾನದಲ್ಲಿ ಗಟ್ಟಿ ಇದ್ದು ಭಾಷೆ, ಸಮಾಜ ವಿಷಯ ಬೇಡ ಅನ್ನುವ ಮಗುವಿಗೆ ಅದೇ ಒಳ್ಳೆಯದು.

ಪಿಯುಸಿ ಓದುತ್ತಲೇ ಎಪಿ ಪರೀಕ್ಷೆ ಬರೆಯುವ ದಾರಿ ನನಗೆ ತುಂಬಾ ಇಷ್ಟ. ಇದನ್ನು ಅಮೆರಿಕದ ಕಾಲೇಜ್ ಬೋರ್ಡ್ ನಡೆಸುತ್ತದೆ. ಕ್ಯಾಲ್ಕುಲಸ್, ಫಿಸಿಕ್ಸ್, ಎಕನಾಮಿಕ್ಸ್ ಹೀಗೆ ಒಂದೊಂದೇ ವಿಷಯದ ಪರೀಕ್ಷೆ, 1ರಿಂದ 5 ಅಂಕ, ಪ್ರತಿ ವರ್ಷ ಮೇ ತಿಂಗಳಲ್ಲಿ. ಎಪಿ ಶಾಲೆಯಲ್ಲಿ ಓದಿರಬೇಕೆಂದಿಲ್ಲ. ನೋಂದಣಿ ಮಾತ್ರ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿಯುತ್ತದೆ, ಪರೀಕ್ಷಾ ಕೇಂದ್ರಕ್ಕೆ ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಾ ಎರಡು ಎಪಿ ವಿಷಯದಲ್ಲಿ 5 ತೆಗೆದ ಮಗು ಹೊರಗಿನ ವಿಶ್ವವಿದ್ಯಾಲಯದ ಕಣ್ಣಿಗೆ ಬೀಳುತ್ತದೆ. ಖರ್ಚಂತೂ ಐಬಿಗೆ ಹೋಲಿಸಿದರೆ ಏನೂ ಅಲ್ಲ.

ಬರೀ ಪಿಯುಸಿ ಅಂಕದಿಂದಲೂ ಅಮೆರಿಕ, ಬ್ರಿಟನ್‌ನ ಅನೇಕ ಕಡೆ ಅರ್ಜಿ ಹಾಕಬಹುದು. ರಾಜ್ಯ ಬೋರ್ಡ್ ಆದರೆ ಕೆಲವರು ಸ್ವಲ್ಪ ಹೆಚ್ಚಿನ ಅಂಕ ಕೇಳುತ್ತಾರೆ, ಅಷ್ಟೇ.

ಹೆಜ್ಜೆ 4: ಶಾಲೆ ಹುಡುಕುವುದು

ಐಬಿ ಎಂದು ತೀರ್ಮಾನ ಆಯಿತು ಅಂದುಕೊಳ್ಳಿ. ಕರ್ನಾಟಕದಲ್ಲಿ ಐಬಿ ಶಾಲೆಗಳು ಹೆಚ್ಚಾಗಿ ಇರುವುದು ಬೆಂಗಳೂರಿನ ಸುತ್ತಮುತ್ತ. ಮಗು ಹಾಸ್ಟೆಲ್‌ನಲ್ಲಿ ಇರಬೇಕಾಗುತ್ತದೆ. ಹತ್ತನೇ ತರಗತಿಯ ಮಧ್ಯದಲ್ಲೇ ಅರ್ಜಿ ಶುರುವಾಗುತ್ತದೆ, ಸಾಮಾನ್ಯವಾಗಿ ಒಂದು ಪ್ರವೇಶ ಪರೀಕ್ಷೆ, ಒಂದು ಸಂದರ್ಶನ ಇರುತ್ತದೆ.

ಮೊದಲು ಐಬಿಯ ಅಧಿಕೃತ ತಾಣದಲ್ಲಿ ಶಾಲೆಯ ಹೆಸರು ಹುಡುಕಿ. 'ಇಂಟರ್‌ನ್ಯಾಷನಲ್' ಎಂದು ಬೋರ್ಡ್ ಹಾಕಿಕೊಂಡ ಎಲ್ಲಾ ಶಾಲೆಗಳಲ್ಲೂ ಐಬಿ ಇರುವುದಿಲ್ಲ. ಐಬಿ ಇದ್ದರೂ ಡಿಪ್ಲೊಮಾ ಹಂತಕ್ಕೆ ಮಾನ್ಯತೆ ಸಿಕ್ಕಿದೆಯೇ ನೋಡಬೇಕು. ಚಿಕ್ಕ ತರಗತಿಗಳಿಗಷ್ಟೇ ಇರಬಹುದು. 'ಮಾನ್ಯತೆಗೆ ಅರ್ಜಿ ಹಾಕಿದ್ದೇವೆ' ಎಂದರೆ ಮಾನ್ಯತೆ ಸಿಕ್ಕಿಲ್ಲ ಎಂದೇ ಅರ್ಥ.

ಶಾಲೆಗೆ ಹೋದಾಗ ಈಜುಕೊಳ, ಎಸಿ ಕೊಠಡಿ ನೋಡಿ ಮರುಳಾಗಬೇಡಿ. ಕೇಳಬೇಕಾದ್ದು ಬೇರೆ. ಕಳೆದ ಮೂರು ವರ್ಷದ ಸರಾಸರಿ ಅಂಕ ಎಷ್ಟು? ಎಷ್ಟು ಮಕ್ಕಳು ಬರೆದಿದ್ದರು? ಶಾಲೆ ಅಂದಾಜಿಸಿದ ಅಂಕಕ್ಕೂ ನಿಜವಾಗಿ ಬಂದ ಅಂಕಕ್ಕೂ ಎಷ್ಟು ವ್ಯತ್ಯಾಸ ಇತ್ತು? ಹೈಯರ್ ಲೆವೆಲ್ ಗಣಿತ, ಭೌತಶಾಸ್ತ್ರಕ್ಕೆ ಯಾರು ಪಾಠ ಮಾಡುತ್ತಾರೆ, ಎಷ್ಟು ವರ್ಷದಿಂದ ಇದ್ದಾರೆ? ಎರಡು ವರ್ಷದ ನಡುವೆ ಶಿಕ್ಷಕರು ಬಿಟ್ಟು ಹೋದರೆ ಐಬಿಯಲ್ಲಿ ತುಂಬಾ ಪೆಟ್ಟು ಬೀಳುತ್ತದೆ. ಟ್ಯೂಷನ್ ಸಿಗುವುದೂ ಕಷ್ಟ. ಪೂರ್ತಿ ಖರ್ಚಿನ ಪಟ್ಟಿಯನ್ನು ಬರಹದಲ್ಲಿ ಕೇಳಿ. ಬೋಧನಾ ಶುಲ್ಕ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಪ್ರವಾಸ ಎಲ್ಲವೂ ಅದರಲ್ಲಿರಲಿ. ವರ್ಷಕ್ಕೆ ಲಕ್ಷಗಳ ಲೆಕ್ಕ ಇದು.

ಹಣ ಇಲ್ಲದ, ಆದರೆ ಚುರುಕಾದ ಮಗುವಿಗೆ ಒಂದು ದಾರಿ ತೆರೆದಿದೆ. ಪುಣೆ ಹತ್ತಿರದ ಮಹೀಂದ್ರಾ ಯುನೈಟೆಡ್ ವರ್ಲ್ಡ್ ಕಾಲೇಜು 1997ರಲ್ಲಿ ಶುರುವಾಯಿತು. ಅಲ್ಲಿ ಓದಿಸುವುದು ಐಬಿ ಡಿಪ್ಲೊಮಾವನ್ನೇ. ಅದೇ ಬಳಗದ ಕಾಲೇಜುಗಳು ಬೇರೆ ದೇಶಗಳಲ್ಲೂ ಇವೆ. ಭಾರತದ ಮಕ್ಕಳನ್ನು ಒಂದು ರಾಷ್ಟ್ರೀಯ ಸಮಿತಿ ಆರಿಸುತ್ತದೆ. ಮನೆಯ ಆರ್ಥಿಕ ಸ್ಥಿತಿ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ. ಇಲ್ಲಿ ಬರೀ ಅಂಕ ನೋಡುವುದಿಲ್ಲ. ಊರಲ್ಲಿ ಏನು ಮಾಡಿದ್ದೀಯಾ, ಏನು ಯೋಚಿಸುತ್ತೀಯಾ ಎಂದು ಕೇಳುತ್ತಾರೆ. ಹೊಸನಗರದ ಸರ್ಕಾರಿ ಶಾಲೆಯ ಹುಡುಗಿಗೂ ಇದು ಸಾಧ್ಯ ಎಂದು ಶಿಕ್ಷಕರು ಮಕ್ಕಳಿಗೆ ಹೇಳಬೇಕು. ಎಷ್ಟೋ ಮಕ್ಕಳು ಹೆಸರೇ ಕೇಳಿರುವುದಿಲ್ಲ.

ಹೆಜ್ಜೆ 5: ವಿಷಯಗಳ ಆಯ್ಕೆ

ಇಲ್ಲಿ ತಪ್ಪಿದರೆ ಎರಡು ವರ್ಷ ಆದ ಮೇಲೆ ಸರಿಪಡಿಸಲು ಆಗುವುದಿಲ್ಲ.

ಗಣಿತದಲ್ಲಿ ಎರಡು ಕವಲು ಇವೆ. ಅನಾಲಿಸಿಸ್ ಅಂಡ್ ಅಪ್ರೋಚಸ್ ಒಂದು, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್ ಇನ್ನೊಂದು. ಎಂಜಿನಿಯರಿಂಗ್, ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಕಡೆ ಹೋಗುವವರು ಮೊದಲನೆಯದನ್ನು ಹೈಯರ್ ಲೆವೆಲ್‌ನಲ್ಲಿ ತೆಗೆದುಕೊಳ್ಳಬೇಕು. ಎರಡನೆಯದರ ಸ್ಟ್ಯಾಂಡರ್ಡ್ ಲೆವೆಲ್ ಸುಲಭ ಎಂದು ಆರಿಸಿಕೊಂಡರೆ ಅನೇಕ ಕಡೆ ಬಾಗಿಲು ಮುಚ್ಚುತ್ತದೆ. ಭಾರತದ ಎಂಜಿನಿಯರಿಂಗ್ ಕಾಲೇಜನ್ನೂ ಕೈಯಲ್ಲಿಟ್ಟುಕೊಳ್ಳಬೇಕೆಂದರೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡೂ ಇರಲಿ, ಕಲೆಯ ಜಾಗದಲ್ಲಿ ಒಂದನ್ನು ಹಾಕಿ. ಮೂರನ್ನೂ ಹೈಯರ್ ಲೆವೆಲ್‌ನಲ್ಲಿ ಓದುವುದು ತುಂಬಾ ಭಾರ. ಮಗು ಹೊರುತ್ತದೆಯೇ ಎಂದು ಶಿಕ್ಷಕರ ಹತ್ತಿರ ಮಾತಾಡಿ.

ಕನ್ನಡದ ಬಗ್ಗೆ. ಶಾಲೆಯಲ್ಲಿ ಪಾಠ ಮಾಡುವವರಿಲ್ಲದ ಭಾಷೆಯ ಸಾಹಿತ್ಯವನ್ನು, ಶಾಲೆಯ ಬೆಂಬಲ ಪಡೆದು ಸ್ವಂತವಾಗಿ ಓದಿ ಪರೀಕ್ಷೆ ಬರೆಯುವ ಅವಕಾಶ ಐಬಿಯಲ್ಲಿದೆ. ಅದು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಮಾತ್ರ. ಕನ್ನಡಕ್ಕೆ ಇದು ಸಾಧ್ಯವೇ ಎಂದು ಶಾಲೆಯ ಐಬಿ ಸಂಯೋಜಕರು ಸಾಕಷ್ಟು ಮುಂಚೆ ವಿಚಾರಿಸಬೇಕು. ಕುವೆಂಪು ಅವರ ಊರಿನ ಪಕ್ಕದ ಮಗು ಕನ್ನಡ ಸಾಹಿತ್ಯವನ್ನು ಓದಿ ಅಂತರರಾಷ್ಟ್ರೀಯ ಡಿಪ್ಲೊಮಾ ಪಡೆಯುವುದಕ್ಕಿಂತ ಚೆಂದದ್ದು ಏನಿದೆ? ಕೇಳದೆ ಬಿಡಬೇಡಿ.

ಹೆಜ್ಜೆ 6: ಎಸ್ಸೇಯನ್ನು ಊರಿಂದಲೇ ಹುಡುಕಿ

ಮಲೆನಾಡಿನ ಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲ ಇದೆ, ಆದರೆ ಅವರಿಗೇ ಅದು ಗೊತ್ತಿರುವುದಿಲ್ಲ. ಎಲ್ಲರೂ ಇಂಟರ್‌ನೆಟ್‌ನಲ್ಲಿ ಸಿಗುವ ವಿಷಯಗಳನ್ನೇ ಬರೆಯುವಾಗ, ನಿಮ್ಮ ಮನೆಯ ಅಂಗಳದಲ್ಲೇ ಯಾರೂ ಬರೆಯದ ವಿಷಯ ಬಿದ್ದಿರುತ್ತದೆ.

ಅರ್ಥಶಾಸ್ತ್ರ ಓದುವವರು ಅಡಿಕೆ ಬೆಲೆ ನೋಡಬಹುದು. ಬೆಳೆಗಾರರು ಮಂಡಿಗೆ ಹಾಕುವುದು, ಸೊಸೈಟಿಗೆ ಹಾಕುವುದು ಯಾವುದನ್ನು ಯಾಕೆ ಆರಿಸುತ್ತಾರೆ ಎಂಬ ಪ್ರಶ್ನೆ ಸಾಕು. ಇತಿಹಾಸದವರಿಗೆ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಇದೆ, 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ಕತೆ ಇದೆ. ಇತಿಹಾಸದ ಎಸ್ಸೇಗೆ ಕನಿಷ್ಠ ಹತ್ತು ವರ್ಷ ಹಳೆಯ ಘಟನೆಯೇ ಆಗಬೇಕು ಎಂಬ ನಿಯಮಕ್ಕೂ ಇವು ಹೊಂದುತ್ತವೆ. ಹಿರಿಯರ ಬಾಯಿಂದ ಕೇಳಿ ಬರೆದುಕೊಂಡದ್ದನ್ನು ದಾಖಲೆಗಳ ಜೊತೆ ಹೋಲಿಸಿ ನೋಡಬಹುದು. ನಾಟಕ ಇಷ್ಟಪಡುವವರಿಗೆ ಹೆಗ್ಗೋಡಿನ ನೀನಾಸಂ ಪಕ್ಕದಲ್ಲೇ ಇದೆ, ಯಕ್ಷಗಾನ ಮೇಳಗಳಿವೆ. ಜೀವಶಾಸ್ತ್ರದವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಯೋಚಿಸಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಬಗ್ಗೆ ಪ್ರಕಟವಾದ ಅಂಕಿಅಂಶ ಇಟ್ಟುಕೊಂಡೂ ಬರೆಯಬಹುದು. ಆದರೆ ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯ ಆಗುವ ಪ್ರಯೋಗಕ್ಕೆ ಐಬಿ ಒಪ್ಪುವುದಿಲ್ಲ. ಆ ಕಾಯಿಲೆ ಹರಡುವ ಉಣುಗು ಹಿಡಿಯಲು ಕಾಡಿಗೆ ಹೋಗುವುದಂತೂ ಬೇಡವೇ ಬೇಡ.

ವಿಷಯ ಸಿಕ್ಕಿದ ಮೇಲೆ ಪ್ರಶ್ನೆಯನ್ನು ಚಿಕ್ಕದು ಮಾಡಿ. 'ಅಡಿಕೆಯ ಆರ್ಥಿಕತೆ' ಎಂಬುದು ಪ್ರಶ್ನೆಯಲ್ಲ. 'ಇಂಥ ತಾಲ್ಲೂಕಿನ ಸಣ್ಣ ಬೆಳೆಗಾರರು ಕೊಯ್ಲಾದ ಕೂಡಲೇ ಅಡಿಕೆ ಮಾರಲು ಸಾಲ ಎಷ್ಟರ ಮಟ್ಟಿಗೆ ಕಾರಣ' ಎಂಬುದು ಪ್ರಶ್ನೆ. ಮೊದಲ ವರ್ಷದ ಕೊನೆಯೊಳಗೆ ಪ್ರಶ್ನೆ ಗಟ್ಟಿಯಾದರೆ, ರಜೆಗೆ ಊರಿಗೆ ಬಂದಾಗ ಮಾಹಿತಿ ಕಲೆಹಾಕಬಹುದು. ಎರಡನೆಯ ವರ್ಷ ಶುರುವಾಗುವ ಹೊತ್ತಿಗೆ ಮೊದಲ ಕರಡು ಕೈಯಲ್ಲಿರಲಿ. ಪ್ರತಿ ಮೂಲವನ್ನೂ ಅಂದಂದೇ ಬರೆದಿಡಿ. ಬೇರೆಯವರದ್ದನ್ನು ನಕಲು ಮಾಡಿದ್ದು ಸಿಕ್ಕಿಬಿದ್ದರೆ ಡಿಪ್ಲೊಮಾವೇ ಹೋಗಬಹುದು. ಕೃತಕ ಬುದ್ಧಿಮತ್ತೆಯಿಂದ ಬರೆಸಿ ತನ್ನದೆಂದು ಕೊಡುವುದೂ ಅದೇ ಲೆಕ್ಕಕ್ಕೆ ಬರುತ್ತದೆ.

ಈ ಎಸ್ಸೇ ಆಮೇಲೂ ಉಪಯೋಗಕ್ಕೆ ಬರುತ್ತದೆ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ, ಸಂದರ್ಶನದಲ್ಲಿ ಮಗು ಧೈರ್ಯವಾಗಿ ಮಾತಾಡುವುದು ತಾನೇ ಓಡಾಡಿ ಕಲೆಹಾಕಿದ ವಿಷಯದ ಬಗ್ಗೆ.

ಹೆಜ್ಜೆ 7: ಅರ್ಜಿಯ ತಿಂಗಳುಗಳು

ಎರಡನೆಯ ವರ್ಷದ ಆಗಸ್ಟ್‌ನಿಂದ ಜನವರಿವರೆಗೆ ಕೆಲಸ ಜಾಸ್ತಿ. ಅಂತಿಮ ಫಲಿತಾಂಶ ಬರುವ ಮೊದಲೇ ಅರ್ಜಿ ಹಾಕಬೇಕಾದ್ದರಿಂದ, ಶಾಲೆ ಕೊಡುವ ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಅಂದಾಜು ಅಂಕ, ಮುಖ್ಯವಾಗುತ್ತದೆ. ಅದು ಮೊದಲ ವರ್ಷದ ಪರೀಕ್ಷೆ, ತರಗತಿಯ ಕೆಲಸ ನೋಡಿ ಕೊಡುವ ಅಂಕ. ಹಾಗಾಗಿ 'ಮೊದಲ ವರ್ಷ ಆರಾಮಾಗಿರೋಣ, ಎರಡನೇ ವರ್ಷ ಓದಿದರಾಯ್ತು' ಎಂಬ ಪಿಯುಸಿ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಬ್ರಿಟನ್‌ಗೆ ಯುಕ್ಯಾಸ್ ಎಂಬ ಒಂದೇ ಅರ್ಜಿ, ಅದರಲ್ಲಿ ಗರಿಷ್ಠ ಐದು ಆಯ್ಕೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯಕ್ಕೆ ಅಕ್ಟೋಬರ್ 15 ಕೊನೆ. ಒಂದು ವರ್ಷದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಹಾಕುವಂತಿಲ್ಲ. ಉಳಿದವಕ್ಕೆ ಜನವರಿ. ಸೀಟು ಕೊಟ್ಟಾಗ 'ಒಟ್ಟು 38, ಹೈಯರ್ ಲೆವೆಲ್‌ನಲ್ಲಿ 6, 6, 6' ಎಂಬಂಥ ಷರತ್ತು ಇರುತ್ತದೆ. ಒಂದು ಅಂಕ ಕಡಿಮೆಯಾದರೂ ಸೀಟು ಕೈತಪ್ಪಬಹುದು. ಅದಕ್ಕೇ ಎರಡನೆಯ ಆಯ್ಕೆಯಾಗಿ ಕಡಿಮೆ ಷರತ್ತಿನ ಜಾಗ ಇಟ್ಟುಕೊಳ್ಳಿ.

ಅಮೆರಿಕಕ್ಕೆ ಹೆಚ್ಚಿನವರು ಬಳಸುವುದು ಕಾಮನ್ ಆ್ಯಪ್ ಎಂಬ, ಅನೇಕ ಕಾಲೇಜುಗಳಿಗೆ ಒಂದೇ ಆದ ಅರ್ಜಿ. ಬೇಗ ಹಾಕುವ ಸುತ್ತಿಗೆ ಅನೇಕ ಕಡೆ ನವೆಂಬರ್ 1, ಸಾಮಾನ್ಯ ಸುತ್ತಿಗೆ ಜನವರಿ ಮೊದಲ ದಿನಗಳು. ಎಂಐಟಿಯಂಥ ಕಡೆ ಸ್ಯಾಟ್ ಅಥವಾ ಆ್ಯಕ್ಟ್ ಎಂಬ ಪ್ರವೇಶ ಪರೀಕ್ಷೆ ಕಡ್ಡಾಯ. ಇನ್ನು ಕೆಲವೆಡೆ ಐಚ್ಛಿಕ. ಸ್ಯಾಟ್ ಅನ್ನು ಮೊದಲ ವರ್ಷದ ಕೊನೆಯಲ್ಲಿ ಒಮ್ಮೆ ಬರೆದು ಮುಗಿಸಿದರೆ ಆಮೇಲೆ ಉಸಿರಾಡಲು ಜಾಗ ಸಿಗುತ್ತದೆ.

ಹೆಜ್ಜೆ 8: ಹಣ, ಕಾಗದ ಪತ್ರ

ತೋಟದ ಮನೆಗಳಿಗೆ ನಿಜವಾದ ತಲೆನೋವು ಇಲ್ಲಿದೆ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಅನೇಕರು ರಿಟರ್ನ್ಸ್ ಸಲ್ಲಿಸಿರುವುದೇ ಇಲ್ಲ. ಆದರೆ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಸಾಲ, ವೀಸಾ ಎಲ್ಲ ಕಡೆ ಆದಾಯಕ್ಕೆ ದಾಖಲೆ ಕೇಳುತ್ತಾರೆ. ಮಗು ಒಂಬತ್ತರಲ್ಲಿರುವಾಗಲೇ ಅಡಿಕೆ, ಕಾಳುಮೆಣಸು ಮಾರಿದ ಬಿಲ್‌ಗಳನ್ನು ವರ್ಷದ ಪ್ರಕಾರ ಜೋಡಿಸಿಡಿ. ಹಣ ಬ್ಯಾಂಕ್ ಖಾತೆ ಮೂಲಕವೇ ಬರಲಿ. ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಬೆಳೆ ಸಾಲದ ಕಾಗದ ಒಂದೇ ಫೈಲಿನಲ್ಲಿರಲಿ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಜಂಟಿ ಖಾತೆಯಾಗಿದ್ದರೆ ಸಾಲಕ್ಕೆ ಅಡಮಾನ ಇಡಲು ಎಲ್ಲರ ಸಹಿ ಬೇಕಾಗುತ್ತದೆ. ಈ ಮಾತುಕತೆಯನ್ನು ಸೀಟು ಸಿಕ್ಕ ಮೇಲೆ ಶುರು ಮಾಡಿದರೆ ಸಮಯ ಸಾಲುವುದಿಲ್ಲ.

ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಕಾಲೇಜುಗಳು ಹೊರದೇಶದ ಮಕ್ಕಳ ವಿಷಯದಲ್ಲೂ ಹಣದ ಸ್ಥಿತಿ ನೋಡದೆ ಆಯ್ಕೆ ಮಾಡುತ್ತವೆ. ಆರಿಸಿದ ಮೇಲೆ ಮನೆಗೆ ಕೊಡಲಾಗದಷ್ಟು ಮೊತ್ತವನ್ನು ತಾವೇ ಭರಿಸುತ್ತವೆ. ಅಲ್ಲಿ ಸೀಟು ಸಿಗುವುದು ತುಂಬಾ ಕಷ್ಟ, ಆದರೆ ಬಡತನ ಅಡ್ಡಿಯಲ್ಲ. ಉಳಿದ ಹೆಚ್ಚಿನ ಕಡೆ ಸಹಾಯ ಕೇಳಿದರೆ ಆಯ್ಕೆಯ ಸಾಧ್ಯತೆ ಕಡಿಮೆಯಾಗಬಹುದು. ಬ್ರಿಟನ್ ವೀಸಾಕ್ಕೆ ಬೇಕಾದ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನೆಂಟರಿಂದ ಒಂದು ವಾರಕ್ಕೆ ತಂದು ತೋರಿಸಿದರೆ ಆಗುವುದಿಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇರುವುದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ. ಡಿಗ್ರಿಗಲ್ಲ. ಹೊರಗೆ ಓದುವ ಆಸೆ ಇದ್ದು ಹಣದ ಅಡಚಣೆ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ: ಡಿಗ್ರಿ ಇಲ್ಲೇ ಮುಗಿಸಿ, ಮಾಸ್ಟರ್ಸ್‌ಗೆ ಹೋಗಲಿ. ಆಗ ಸಹಾಯದ ದಾರಿಗಳು ಜಾಸ್ತಿ, ಮಗುವಿಗೂ ವಯಸ್ಸಾಗಿರುತ್ತದೆ. ತೋಟ ಅಡ ಇಟ್ಟು ಹದಿನೆಂಟರ ಮಗುವನ್ನು ಕಳಿಸುವುದು ಬೇಡ.

ಹೆಸರಿನ ವಿಷಯ ಚಿಕ್ಕದು ಅನ್ನಿಸಿದರೂ ಬಿಡಬೇಡಿ. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಊರಿನದೋ ತಂದೆಯದೋ ಇನಿಶಿಯಲ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಸುತ್ತೀರಿ. ಐಬಿ ನೋಂದಣಿ, ಸ್ಯಾಟ್, ಅರ್ಜಿ ಎಲ್ಲದರಲ್ಲೂ ಪಾಸ್‌ಪೋರ್ಟ್‌ನ ಹೆಸರೇ ಅಕ್ಷರಕ್ಕೆ ಅಕ್ಷರ ಇರಬೇಕು. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಎಲ್ಲವನ್ನೂ ಒಂದೇ ಥರ ಮಾಡಿಸಿ. ಆಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ.

ಹೆಜ್ಜೆ 9: ಜುಲೈ ಮತ್ತು ಆಮೇಲೆ

ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ. ಯಾವ ವಿಶ್ವವಿದ್ಯಾಲಯಕ್ಕೆ ಅಂಕ ಹೋಗಬೇಕು ಎಂಬುದನ್ನು ಶಾಲೆಯ ಸಂಯೋಜಕರ ಮೂಲಕ ಫಲಿತಾಂಶಕ್ಕೆ ಮುಂಚೆಯೇ ಹೇಳಿಡಿ. ಒಂದೋ ಎರಡೋ ಅಂಕದಲ್ಲಿ ಷರತ್ತು ತಪ್ಪಿದ್ದರೆ ಅದೇ ದಿನ ವಿಶ್ವವಿದ್ಯಾಲಯಕ್ಕೆ ಮಗುವೇ ಬರೆಯಲಿ, ಮಾತಾಡಲಿ. ಕೆಲವೊಮ್ಮೆ ಒಪ್ಪುತ್ತಾರೆ. ಮರು ಮೌಲ್ಯಮಾಪನ ಕೇಳುವ ಅವಕಾಶ ಇದೆ. ಆದರೆ ಅಂಕ ಇಳಿಯಲೂಬಹುದು. ಬೇಕಾದರೆ ನವೆಂಬರ್‌ನಲ್ಲಿ ಒಂದೆರಡು ವಿಷಯ ಮತ್ತೆ ಬರೆಯಬಹುದು.

ಭಾರತದ ಕಾಲೇಜಿಗೆ ಸೇರುವವರು ಎಐಯು ತಾಣದಲ್ಲಿ ಸಮಾನತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾಗಬಹುದು. ಯಾವ ಕಾಲೇಜು ಅದನ್ನು ಕೇಳುತ್ತದೆ, ಅಂದಾಜು ಅಂಕದ ಮೇಲೆ ತಾತ್ಕಾಲಿಕ ಪ್ರವೇಶ ಕೊಡುತ್ತದೆಯೇ ಎಂದು ಏಪ್ರಿಲ್‌ಗೆ ಮುಂಚೆ ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ 'ಆಗುತ್ತೆ ಬನ್ನಿ' ಎಂಬ ಮಾತನ್ನು ನಂಬಿ ಬೇರೆ ಸೀಟು ಬಿಡಬೇಡಿ.